ಪತ್ರಾಕ್ಕೊಂದು ಪತ್ರ

ಬೀದರಿನಾಗ ತಗಡಿಗೆ ಪತ್ರಾ ಅಂತೀವಿ.
ಹಿಂಗಾಗಿ ಮೊದಲನೇ ದಿನವೇ ಗೊಂದಲ.
"ಪತ್ರಾ ಬದಲಿ ಮಾಡಬೇಕ್ರಿ" ಅಂದೆ.
"ಯಾವ ಪತ್ರ? ತಾರೀಖು, ನಂಬರು ಹೇಳಿ"
ಅಂದ ನಗರಸಭೆಯ ಹೊಸ ಗುಮಾಸ್ತ, ಮೈಸೂರು ಕಡೆಯವ.
ಮ್ಯಾಲೆ ಬೆರಳು ತೋರಿಸಿದೆ.
ಅವ ಫ್ಯಾನು ನೋಡಿದ.

ಚೌಬಾರದಿಂದ ಕೂಗಿದರ ಕೇಳುವಷ್ಟು ಹತ್ತಿರ
ನಮ್ಮ ಮೂರು ಶಟರಿನ ಕಟ್ಟಡ.
ನಡುವ ನನ್ನ ಹಗ್ಗದ ಅಂಗಡಿ, ಅಪ್ಪ ಬಿಟ್ಟುಹೋದದ್ದು:
ನೂಲು, ನಾರು, ನೈಲಾನು, ಎತ್ತಿನ ಮೂಗುದಾರ.
ಎಡಕ್ಕ ಖಮರ್ ಸಾಬರ ಗಡಿಯಾರ ರಿಪೇರಿ,
ಬಲಕ್ಕ ಪ್ರಭುದಾಸನ ಹೊಲಿಗೆ ಮಷಿನ್ನು.
ಮೂವರ ತಲೆ ಮ್ಯಾಲೂ ಒಂದೇ ಪತ್ರಾ,
ಮಳೆ ಬಂದರ ಮೂವರೂ ಒಮ್ಮೆಲೇ
ಬಕೆಟ್ಟು ಹುಡುಕುವವರು.

ನೀಲಿ ಹಾಕಿಸೋಣ ಅಂತಿದ್ದೆ, ಹುಮನಾಬಾದದಾಗ ಅಗ್ಗ.
"ನೀಲಿ ನಡೆಯೂದಿಲ್ಲ" ಅಂದ ನಕಾಶೆ ಬರೆಯುವ ತುಳಜಪ್ಪ,
"ಇದು ಕೋಟೆಗೋಡೆ ಒಳಗಿನ ಊರು.
ಛತ್ತಿಗೆ ಸಮಿತಿ ಒಪ್ಪಬೇಕು:
ಇಳಿಜಾರು, ಬಣ್ಣ, ಎತ್ತರ, ಅಂಚು ಎಷ್ಟು ಚಾಚೂದು,
ನಾಲ್ಕು ದಿಕ್ಕಿಂದ ಫೋಟೋ, ಐದನೇದು ಮ್ಯಾಲಿಂದ."
ಮ್ಯಾಲಿಂದ ಯಾರು ನೋಡ್ತಾರ್ರಿ?
"ಅದನ್ನೇ ಅವರು ನೋಡ್ಲಿಕ್ಕೆ ಬರೂದು."

ಬಂದರು. ಐದು ಮಂದಿ, ಒಂದು ಛತ್ರಿ.
ಬುರುಜಿನ ಮೆಟ್ಟಿಲು ಹುರಿ ಹೊಸೆದಂಗ ಸುತ್ತಿ ಸುತ್ತಿ ಏರಿತ್ತು.
ನಲವತ್ತೊಂದು ವರ್ಷ ಇದರ ನೆರಳಿನಾಗ ಬೆಳೆದಾಕಿ,
ಹತ್ತಿದ್ದು ಅವತ್ತೇ.

ಅಲ್ಲಿಂದ ನಮ್ಮ ಪತ್ರಾ ಕಂಡಿತು.
ತುಕ್ಕು. ಗಾಳಿಗೆ ಹಾರದಿರಲಿ ಅಂತ ಹೇರಿದ ಏಳು ಟೈರು,
ಪ್ರಭುದಾಸನ ಮಗ ಕಳೀತು ಅಂತ ಅತ್ತಿದ್ದ ಚೆಂಡು,
ಯಾರದೋ ಒಂಟಿ ಚಪ್ಪಲಿ,
ಮತ್ತ, ಪತ್ರಾದ ಅಗಲಕ್ಕೂ, ಬಿಳಿ ಪೇಂಟು ಅರ್ಧ ಉದುರಿ,
ಅಪ್ಪನ ಸೊಟ್ಟ ಅಕ್ಷರದಾಗ
ವೈಜಿನಾಥ ಹಗ್ಗದ ಅಂಗಡಿ
ಭಾನುವಾರ ರಜೆ

ವಿಮಾನ ಕಲಿಯುವ ಹುಡುಗರು ಇಲ್ಲೇ ಹೊರಳಿ ಹೋಗ್ತಾರ,
ಮುಂಜಾನೆಯಿಂದ ಒಂದೇ ಗದ್ದಲ.
ಅವರು ಓದಲಿ ಅಂತ ಬರೆದನೋ ಅಪ್ಪ?
ಯಾರಿಗೂ ಹೇಳಿರಲಿಲ್ಲ, ಅವ್ವಗೂ.
ಆ ವೇಗದಾಗ ಯಾವ ಹುಡುಗನಿಗೆ ಬೇಕಿತ್ತು ಮೂಗುದಾರ?
ಭಾನುವಾರ ಆಕಾಶದಿಂದ ಇಳಿದು ಬಂದು
ಶಟರು ಬಡಿದು ಬ್ಯಾಸರಾದೀತು ಅಂತ
ಯಾರ ಮ್ಯಾಲೆ ಅಷ್ಟು ಕಾಳಜಿ?

ಹೈದರಾಬಾದಿನ ಮೇಡಂಗೆ ಕನ್ನಡ ಓದಾಕ ಬರೂದಿಲ್ಲ.
"ಅದೇನು ಬರಹ?" ಅಂದರು.
ತುಳಜಪ್ಪ ಕೆಮ್ಮಿದ. "ಬೋರ್ಡು, ಮೇಡಂ. ಪರವಾನಗಿ ಇಲ್ಲದ್ದು."
ನಾನು ಸುಮ್ಮನಿದ್ದೆ.
ಬಿಸಿಲು ಕಣ್ಣಿಗೆ ಹೊಡೀತಿತ್ತು ಅನ್ನಿ.

ಹದಿನಾಲ್ಕು ವಾರಕ್ಕ ಬಂತು ಪತ್ರ, ಪತ್ರಾಕ್ಕ:
ಬಣ್ಣ ಕೆಂಪು ಮಣ್ಣಿನದು. ಹೊಳಪು ಕೂಡದು.
ಇಳಿಜಾರು ಹಳೆಯಂತೆ. ಟೈರು ಕೂಡದು.
ಯಾವುದೇ ಬರಹ ಕೂಡದು.
ಕೆಳಗ ಮೂರು ಸಹಿ, ಒಂದು ಗೋಲ ಮೊಹರು.
ಗುಜರಿಯವ ಅದೇ ಸಂಜೀ ಬಂದು ಕಿಲೋ ರೇಟು ಹೇಳಿದ.
"ರಜೆ" ಇರುವ ಹಾಳೆ ಬಿಟ್ಟು
ಉಳಿದದ್ದು ಒಯ್ಯಿ ಅಂದೆ.

ಮೂರೂ ಅಂಗಡಿಗೆ ಪೇಢೆ ಹಂಚಿದೆ.
ಖಮರ್ ಸಾಬರು ಪೇಢೆ ಕೈಯಾಗ ಹಿಡಕೊಂಡೇ ಕೂತರು.
"ಬೇಟಿ, ಒಂದು ತೂತು ಬಿಡಿಸಬಹುದಾ?
ಹನ್ನೊಂದೂಕಾಲಿಗೆ ಅದರ ಬೆಳಕು
ನನ್ನ ಮೇಜಿನ ಈ ಗೀಟಿಗೆ ಬರ್ತದ.
ಚಳಿಗಾಲದಾಗ ಎರಡು ಬೆರಳು ಸರೀತದ,
ಆ ಲೆಕ್ಕ ನನಗ ಬಾಯಿಪಾಠ.
ಈ ಗಲ್ಲಿಯ ಗಡಿಯಾರ ಎಲ್ಲಾ
ಅದಕ್ಕೇ ಮಿಲಾಯಿಸ್ತೀನಿ."

ಮೂವತ್ತು ವರ್ಷ ನಾವು ಅದರ ಕೆಳಗ ಬಕೆಟ್ಟು ಇಟ್ಟವರು.

ತುಳಜಪ್ಪಗ ಫೋನು ಹಚ್ಚಿದೆ.
"ತೂತಿಗೆ ಬ್ಯಾರೆ ಅರ್ಜಿ" ಅಂದ. "ಅಳತೆ ಎಷ್ಟು?"
ಖಮರ್ ಸಾಬರು ಕಿರುಬೆರಳು ಎತ್ತಿ ಹಿಡಿದರು.
ಫೋನಿನಾಗ ಅದನ್ನ
ಹೆಂಗ ಹೇಳೂದು.